ಅಂಪೈರ್ ಇಲ್ಲದ ಆಟ



ಕಳೆದ ತಿಂಗಳು ಈ ಪುಟದಲ್ಲಿ ನಾವು ಕ್ಷಮಾಪನೆಯ ವಿಚಾರವಾಗಿ ನಾಲ್ಕು ಮಾತು ಬರೆದಿದ್ದೆವು. ಛಾಪಿಸಿದ ಕಾರ್ಡು ಕಳಿಸುವುದಕ್ಕಿಂತ, ಮೊಬೈಲಿನಲ್ಲಿ ಬಂದದ್ದನ್ನೇ ನೂರು ಮಂದಿಗೆ ದಾಟಿಸುವುದಕ್ಕಿಂತ, ಯಾರಿಗೆ ತಪ್ಪು ಮಾಡಿದ್ದೇವೋ ಅವರ ಬಾಗಿಲಿಗೇ ಹೋಗಿ ‘ಮಿಚ್ಛಾಮಿ ದುಕ್ಕಡಂ’ ಎನ್ನುವುದು ಲೇಸು ಎಂದಿದ್ದೆವು. ಬರೆಯುವುದು ಸುಲಭ. ರಾಯಚೂರಿನ ಸಹೋದರಿಯೊಬ್ಬರು ಪತ್ರ ಹಾಕಿ ಒಂದೇ ಸಾಲಿನಲ್ಲಿ ಕೇಳಿದ್ದಾರೆ: ‘ತಾವು ಹೋಗಿದ್ದಿರಾ?’

ಹೋಗಿದ್ದೆವು. ಗದ್ವಾಲಕ್ಕೆ ಹೋಗಿದ್ದೆವು. ಹೋದದ್ದು ಕ್ರಿಕೆಟ್ ಆಟದ ಸಂಬಂಧ ಎಂದರೆ ಆ ಸಹೋದರಿಗೆ ನಗು ಬಂದೀತು. ಬರಲಿ, ನಮಗೂ ಈಗ ನಗು ಬರುತ್ತದೆ. ಆಗ ಬಂದಿರಲಿಲ್ಲ.

ನಮ್ಮ ನಾರಾಯಣಪೇಟೆಯ ಮತ್ತು ಗದ್ವಾಲದ ಸಮಾಜದ ಹುಡುಗರು ಮಹಾವೀರ ಜಯಂತಿಯ ನಂತರದ ಭಾನುವಾರ ಕ್ರಿಕೆಟ್ ಆಡುವ ರೂಢಿ ಇಟ್ಟುಕೊಂಡಿದ್ದಾರೆ. ಎರಡೂ ಊರಿಗೆ ನಡುವೆ ಬೀಳುತ್ತದೆಂದು ಆಟ ಮಕ್ತಲದಲ್ಲಿ. ಮಕ್ತಲದವರು ಆಡುವುದಿಲ್ಲ. ಮೈದಾನ ಗೊತ್ತುಮಾಡುವುದು, ಶಾಮಿಯಾನ, ಮಜ್ಜಿಗೆ, ಸಂಜೆಯ ಊಟ ಎಲ್ಲ ಅವರದು. ಸೋಲು ಗೆಲುವು ಏನೂ ಇಲ್ಲದೆ ಪುಣ್ಯವನ್ನಷ್ಟೇ ಜಮಾ ಮಾಡಿಕೊಳ್ಳುವ ಜಾಣರು.

ಈ ಆಟಕ್ಕೆ ನಮ್ಮವೇ ಆದ ಕೆಲವು ಕಾನೂನುಗಳಿವೆ. ಮೊದಲನೆಯದು, ಚರ್ಮದ ಚೆಂಡು ಕೂಡದು, ಟೆನಿಸ್ ಚೆಂಡಿನಲ್ಲೇ ಆಡಬೇಕು. ಈ ಕಾನೂನು ಮಾಡಿದ ದಿನ ಒಬ್ಬ ತರುಣ ಎದ್ದು ನಿಂತು, ‘ಹಿರಿಯರು ಸೊಂಟಕ್ಕೆ ಚರ್ಮದ ಬೆಲ್ಟ್ ಕಟ್ಟಿಕೊಂಡು ಬಂದು ಚೆಂಡಿಗೆ ಮಾತ್ರ ಅಹಿಂಸೆ ಹೇಳ್ತೀರಲ್ಲರಿ?’ ಎಂದ. ಹಿರಿಯರೆಲ್ಲ ತಮ್ಮ ತಮ್ಮ ಸೊಂಟ ನೋಡಿಕೊಂಡರು. ನಾವೂ ನೋಡಿಕೊಂಡೆವು. ಅಂದಿನಿಂದ ನಮ್ಮದು ಬಟ್ಟೆಯ ಪಟ್ಟಿ. ಬಟ್ಟೆ ವ್ಯಾಪಾರಿಗೆ ಅದೇನು ದೊಡ್ಡ ತ್ಯಾಗವಲ್ಲ. ಹಾಗೆ ನೋಡಹೋದರೆ ಬ್ಯಾಡ್ಮಿಂಟನ್ನಿನ ಒಳ್ಳೆಯ ಶಟಲ್‌ಗೆ ಹೆಬ್ಬಾತಿನ ಗರಿ ಬೇಕು, ಹಿಂದಿನ ಕಾಲದ ಟೆನಿಸ್ ರಾಕೆಟ್ಟಿನ ತಂತಿ ದನದ ಕರುಳಿನದು. ಉಳಿದದ್ದು ಚದುರಂಗ. ಅಲ್ಲಿಯೂ ಆನೆ ಕುದುರೆಗಳನ್ನು ಕಡಿಯದೆ ಆಟ ಮುಗಿಯುವುದಿಲ್ಲ!

ಎರಡನೆಯ ಕಾನೂನು ಸೂರ್ಯಾಸ್ತದ್ದು. ಚೌವಿಹಾರ ಮಾಡುವ ಮನೆಗಳಿಗೂ ಕ್ರಿಕೆಟ್ಟಿಗೂ ಹಳೆಯ ತಕರಾರು. 1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ನಡೆದ ಭಾರತ–ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್ ಹಿರಿಯರಿಗೆ ನೆನಪಿರಬೇಕು. ಹಗಲು-ರಾತ್ರಿಯ ಆಟ. ನಾವು ಸಂಜೆಯೇ ಉಂಡು, ನೀರನ್ನೂ ಮುಗಿಸಿ ಟಿ.ವಿ. ಮುಂದೆ ಕೂತಿದ್ದೆವು. ವೆಂಕಟೇಶ ಪ್ರಸಾದ್ ಆಮೀರ್ ಸೊಹೈಲನ ಸ್ಟಂಪ್ ಕೆಡವಿದಾಗ ಇಡೀ ಓಣಿ ಕಿರುಚಿತು. ಬೇರೆಯವರು ಕಿರುಚಿ ನೀರು ಕುಡಿದರು. ನಾವು ಕಿರುಚಿ ಗಂಟಲು ಸವರಿಕೊಂಡೆವು. ಅದಕ್ಕೇ ನಮ್ಮ ಮಕ್ತಲದ ಆಟ ತಲಾ ಎಂಟೇ ಓವರ್, ಹೊತ್ತು ಮುಳುಗುವುದರೊಳಗೆ ಎಲೆಯ ಮುಂದೆ ಕೂತಿರಬೇಕು.

ಮೂರನೆಯ ಕಾನೂನನ್ನು ಯಾರೂ ಬರೆದಿಲ್ಲ. ಓಡಲಾರದ ಹಿರಿಯರನ್ನು ಅಂಪೈರ್ ಮಾಡುವುದು. ಈ ವರ್ಷ ಆ ಗೌರವ ನಮಗೆ ಬಂತು. ನಾವು ನಾರಾಯಣಪೇಟೆಯವರಲ್ಲವೇ ಎಂದು ಯಾರೋ ಗೊಣಗಿದ್ದಕ್ಕೆ ಗದ್ವಾಲದ ಹಿರಿಯರೇ, ‘ಅವರು ಪಾಠಶಾಲೆಯ ಗುರುಗಳು, ಅವರ ಮೇಲೆ ಎಂಥಾ ಸಂಶಯ?’ ಎಂದು ಬಾಯಿ ಮುಚ್ಚಿಸಿದರು. ಆ ಮಾತು ಇಂದಿಗೂ ಕಿವಿಯಲ್ಲಿದೆ.

ಗದ್ವಾಲದವರು 61 ರನ್ ಮಾಡಿದರು. ನಮ್ಮವರು 58ಕ್ಕೆ ಬಂದಾಗ ಉಳಿದದ್ದು ಕೊನೆಯ ಓವರ್, ಕೊನೆಯ ವಿಕೆಟ್. ಬ್ಯಾಟು ಹಿಡಿದು ನಿಂತವನು ನಮ್ಮ ಮೊಮ್ಮಗ, ಹದಿಮೂರರ ಹುಡುಗ. ಸೂರ್ಯ ಬೇವಿನ ಮರದ ಹಿಂದೆ ಇಳಿಯುತ್ತಿದ್ದ. ಶಾಮಿಯಾನದ ಕಡೆಯಿಂದ ಗಟ್ಟೆಯ ಪಲ್ಯದ ವಾಸನೆ ತೇಲಿ ಬರುತ್ತಿತ್ತು. ಗದ್ವಾಲದ ಕಾಲೇಜು ಹುಡುಗನೊಬ್ಬ ಜೋರಾಗಿ ಚೆಂಡೆಸೆದ. ಚೆಂಡು ಮೊಮ್ಮಗನ ಬ್ಯಾಟಿನ ಅಂಚನ್ನು ಸವರಿ ಕೀಪರನ ಕೈ ಸೇರಿತು. ಟೆನಿಸ್ ಚೆಂಡು, ಸಪ್ಪಳವೇನೂ ಇಲ್ಲ. ಆದರೆ ಅದು ದಾರಿ ಬದಲಿಸಿದ್ದನ್ನು ನಾವು ಕಣ್ಣಾರೆ ಕಂಡೆವು. ಅದಕ್ಕಿಂತ ಹೆಚ್ಚಾಗಿ, ಮೊಮ್ಮಗ ತಲೆ ಎತ್ತಿ ನಮ್ಮ ಕಡೆ ನೋಡಿದ ನೋಟವನ್ನು ಕಂಡೆವು. ಗದ್ವಾಲದವರು ಒಕ್ಕೊರಲಿನಿಂದ ಕೂಗಿದರು. ನಾವು ತಲೆ ಅಲ್ಲಾಡಿಸಿದೆವು. ಔಟ್ ಅಲ್ಲ.

ಮರುಚೆಂಡಿಗೆ ಹುಡುಗ ನಾಲ್ಕು ಹೊಡೆದ. ಗೆದ್ದೆವು. ಗದ್ವಾಲದ ಹುಡುಗರು ಒಂದು ಮಾತೂ ಆಡದೆ ಬಂದು ನಮ್ಮ ಕಾಲು ಮುಟ್ಟಿ ನಮಸ್ಕರಿಸಿ ಊಟಕ್ಕೆ ಕೂತರು. ಜಗಳವಾಡಿದ್ದರೆ ಸಮಾಧಾನವಾಗುತ್ತಿತ್ತು.

ಆ ರಾತ್ರಿ ಜೀಪಿನಲ್ಲಿ ಮರಳುವಾಗ ಮೊಮ್ಮಗ ಮೆಲ್ಲಗೆ, ‘ಮುತ್ಯಾ, ಬಾಲ್ ಬ್ಯಾಟಿಗಿ ಹತ್ತಿತ್ತು. ನಿನಗ ಕಾಣಿಸಲಿಲ್ಲೇನು?’ ಎಂದ. ‘ಸುಮ್ಮ ಮಲಕ್ಕೋ’ ಎಂದೆವು. ಅವನು, ‘ವಿಶ್ವನಾಥನ ಕಥಿ ನೀನೇ ಹೇಳಿದ್ದಿ’ ಎಂದು ಆ ಕಡೆ ಹೊರಳಿದ.

ಹೌದು, ಪಾಠಶಾಲೆಯಲ್ಲಿ ಸತ್ಯವ್ರತದ ಪಾಠಕ್ಕೆ ನಾವು ವರ್ಷಾವರ್ಷ ಹೇಳುವ ಕಥೆ ಅದು. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ಮೇಲೆ ಒಂದೇ ಟೆಸ್ಟ್, ಭಾರತದ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಆಟ. ನಾಯಕರು ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ಇಂಗ್ಲೆಂಡಿನ ಐದು ವಿಕೆಟ್ 58ಕ್ಕೆ ಉರುಳಿದ್ದವು. ಬಾಬ್ ಟೇಲರ್ ಕ್ಯಾಚಿತ್ತರೆಂದು ಅಂಪೈರ್ ಬೆರಳು ಎತ್ತಿಯೂ ಆಗಿತ್ತು. ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಅನ್ನಿಸಿತು. ಅಂಪೈರರಿಗೆ ಹೇಳಿ ಟೇಲರರನ್ನು ಮರಳಿ ಆಡಲು ಕರೆದರು. ಆಮೇಲೆ ಟೇಲರ್ ಮತ್ತು ಬಾಥಮ್ ಕೂಡಿ 171 ರನ್ ಸೇರಿಸಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಲೆಕ್ಕದ ಪುಸ್ತಕದಲ್ಲಿ ನೋಡಿದರೆ ಶುದ್ಧ ನಷ್ಟದ ವ್ಯಾಪಾರ. ಆದರೆ ಆ ಆಟದಲ್ಲಿ ಶತಕ ಹೊಡೆದು ಹದಿಮೂರು ವಿಕೆಟ್ ಕಿತ್ತ ಬಾಥಮರಿಗಿಂತ ವಿಶ್ವನಾಥರನ್ನೇ ಜನ ಹೆಚ್ಚು ನೆನೆಯುತ್ತಾರೆ.

(ಆ ಟೆಸ್ಟಿನ ನಡುವೆ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣ ಬಂದು, ಅಂದು ಆಟಗಾರರಿಗೆ ವಿಶ್ರಾಂತಿಯ ದಿನವಾಗಿತ್ತು. ನಮ್ಮ ರಾಯಚೂರು ಸೀಮೆ ಗ್ರಹಣದ ನೇರ ದಾರಿಯಲ್ಲೇ ಇತ್ತು. ಹಗಲು ಹೊತ್ತಿನಲ್ಲೇ ಕತ್ತಲಾಯಿತು. ನಮ್ಮ ಮನೆಯ ಹಿರಿಯರೊಬ್ಬರಿಗೆ ಹುಟ್ಟಿದ ಸಂಶಯ: ಈಗ ಸೂರ್ಯಾಸ್ತವಾಯಿತೆಂದು ಚೌವಿಹಾರ ಹಿಡಿಯಬೇಕೋ, ಮತ್ತೆ ಬೆಳಗಾಯಿತೆಂದು ನವಕಾರಸಿಗೆ ಕಾಯಬೇಕೋ? ತೀರ್ಮಾನವಾಗುವಷ್ಟರಲ್ಲಿ ಸೂರ್ಯ ಹೊರಬಂದಿದ್ದ.)

ಇಷ್ಟು ಕಥೆ ಬಲ್ಲ ನಾವು ಮಕ್ತಲದಲ್ಲಿ ಬೆರಳು ಎತ್ತಲಿಲ್ಲ. ಬೇರೆ ಧರ್ಮದ ನಮ್ಮ ಗಿರಾಕಿಗಳು ಕಷ್ಟ ಬಂದಾಗ ಆಕಾಶದ ಕಡೆ ಕೈ ತೋರಿ, ‘ಮೇಲಿನವ ನೋಡ್ಕೋತಾನ’ ಎನ್ನುತ್ತಾರೆ. ಆ ಮಾತಿನಲ್ಲಿ ಒಂದು ನಿರಾಳವಿದೆ. ನಮಗೆ ಆ ಅನುಕೂಲವಿಲ್ಲ. ನಮ್ಮ ತೀರ್ಥಂಕರರು ದಾರಿ ತೋರಿದವರು, ತೀರ್ಪು ಕೊಡುವವರಲ್ಲ. ಶಿಕ್ಷೆ ಕೊಡುವವನೂ ಇಲ್ಲ, ಮಾಫಿ ಮಾಡುವವನೂ ಇಲ್ಲ. ಎಣ್ಣೆ ಹಚ್ಚಿದ ಮೈಗೆ ಧೂಳು ಅಂಟಿದಂತೆ ಕರ್ಮ ತಾನಾಗಿ ಅಂಟುತ್ತದೆ. ಅಂಪೈರ್ ಇಲ್ಲದ ಆಟ ಇದು. ಔಟಾದವನು ತಾನೇ ಹೊರಡಬೇಕು.

ಹಾಗೆಂದು ನಮ್ಮವರು ಆಟಗಾರನನ್ನು ಪೂರಾ ಅವನ ಪಾಡಿಗೆ ಬಿಟ್ಟಿಲ್ಲ. ಕ್ರಿಕೆಟ್ಟಿನಲ್ಲಿ ಟಿ.ವಿ. ನೋಡಿ ತೀರ್ಪು ಹೇಳುವ ಮೂರನೆಯ ಅಂಪೈರ್ ಬಂದದ್ದು 1992ರ ನವೆಂಬರಿನಲ್ಲಿ, ಡರ್ಬನ್ ಟೆಸ್ಟಿಗೆ. ಹಾಗೆ ಮೊದಲು ಔಟಾದವರು ತೆಂಡೂಲ್ಕರ್. ನಮ್ಮ ಪ್ರತಿಕ್ರಮಣಕ್ಕೆ ಅದಕ್ಕಿಂತ ಎಷ್ಟು ಹಳೆಯ ಇತಿಹಾಸ! ಆಡಿದ್ದನ್ನು ಹಿಂದಕ್ಕೆ ತಿರುಗಿಸಿ ನೋಡುವುದು, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ದಿನದಲ್ಲಿ ತಪ್ಪಿಸಿಕೊಂಡದ್ದು ಪಕ್ಷಕ್ಕೊಮ್ಮೆ ಪಕ್ಖಿಯಲ್ಲಿ, ಅಲ್ಲೂ ತಪ್ಪಿದ್ದು ನಾಲ್ಕು ತಿಂಗಳಿಗೊಮ್ಮೆ ಚೌಮಾಸಿಯಲ್ಲಿ, ಕೊನೆಗೆ ಸಂವತ್ಸರಿಯಲ್ಲಿ. ಸಂವತ್ಸರಿ ದಾಟಿಯೂ ಉಳಿದ ಕಷಾಯ ಅನಂತಾನುಬಂಧಿಯಾಗಿ ಗಟ್ಟಿಯಾಗುತ್ತದೆಂದು ಹಿರಿಯರು ಹೆದರಿಸುತ್ತಾರೆ. ಹುಂಡಿಗೂ ಇಷ್ಟು ಸಲ ವಾಯಿದೆ ಸಿಗುವುದಿಲ್ಲ.

ನಾವು ಎಲ್ಲ ವಾಯಿದೆಗಳನ್ನೂ ತಪ್ಪಿಸಿದೆವು. ಪ್ರತಿ ಸಂಜೆ ಪ್ರತಿಕ್ರಮಣಕ್ಕೆ ಕೂತಾಗ ಚೆಂಡು ಮೆಲ್ಲಗೆ ದಾರಿ ಬದಲಿಸುತ್ತಿತ್ತು. ಹುಡುಗರ ಆಟ, ಅದರಲ್ಲೇನಿದೆ ಎಂದು ಮುಂದಿನ ಪಾಠಕ್ಕೆ ಹೋಗುತ್ತಿದ್ದೆವು. ಆಷಾಢದ ಚೌಮಾಸಿಯೂ ಹೋಯಿತು.

ಶ್ರಾವಣದಲ್ಲಿ ಪಾಠಶಾಲೆಯಲ್ಲಿ ಮೂರನೆಯ ಅಣುವ್ರತ ಬಂತು, ಅಚೌರ್ಯ. ಅದರ ಅತಿಚಾರಗಳಲ್ಲಿ ಒಂದು ಹೀನಾಧಿಕ ಮಾನೋನ್ಮಾನ, ಎಂದರೆ ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಒಂದು ಅಳತೆ. ವ್ಯಾಪಾರಿ ಮಕ್ಕಳಿಗೆ ಇದನ್ನು ಕಲಿಸುವುದು ಸುಲಭ. ಬಟ್ಟೆಯನ್ನು ಎಳೆದು ಹಿಡಿದು ಅಳೆದರೆ ಮೀಟರಿಗೆ ಒಂದು ಬೆರಳು ಅಂಗಡಿಗೆ ಉಳಿಯುತ್ತದೆ, ಗಿರಾಕಿಯ ಮನೆಗೆ ಹೋಗಿ ಅದು ಕುಗ್ಗುತ್ತದೆ. ನಮ್ಮ ತಂದೆಯವರು ಬಟ್ಟೆಯನ್ನು ಗಜದ ಕೋಲಿನ ಮೇಲೆ ಸಡಿಲಾಗಿ ಹಾಸಿ, ಕೊನೆಗೆ ಹೆಬ್ಬೆರಳಿನಷ್ಟು ಮುಂದಕ್ಕೆ ಸರಿಸಿಯೇ ಕತ್ತರಿ ಹಾಕುತ್ತಿದ್ದರು. ಈ ಕಥೆಯನ್ನು ನಾವು ಬಹಳ ರಸವತ್ತಾಗಿ ಹೇಳುತ್ತೇವೆ. ಹೇಳಿ ಮುಗಿಸಿದಾಗ ಮುಂದಿನ ಸಾಲಿನಲ್ಲಿದ್ದ ಮೊಮ್ಮಗ ಕೈ ಎತ್ತಿದ: ‘ನಮ್ಮವರಿಗಿ ಒಂದು ಅಳತಿ, ಬ್ಯಾರೆ ಊರವರಿಗಿ ಒಂದು ಅಳತಿ ಇಟ್ಟರೂ ಅದೇ ಅತಿಚಾರನಾ?’

ಆ ದಿನ ಪಾಠಶಾಲೆ ಹತ್ತು ನಿಮಿಷ ಮೊದಲೇ ಬಿಟ್ಟಿತು.

ನಾರಾಯಣಪೇಟೆಯ ನೇಕಾರರು ರೇಷ್ಮೆ ಸೀರೆಗೆ ಮಗ್ಗಕ್ಕೆ ಒಮ್ಮೆ ಹಾಸು ಏರಿಸಿದರೆ ಅದೇ ಹಾಸಿನಲ್ಲಿ ಸಾಲಾಗಿ ಎಂಟು ಸೀರೆ ಇಳಿಸುತ್ತಾರೆ. ಹಾಸಿನ ಒಂದು ಎಳೆ ತಪ್ಪಾಗಿ ಏರಿದ್ದರೆ ಮೊದಲ ಸೀರೆಯ ತಪ್ಪು ಎಂಟನೆಯದರಲ್ಲೂ ಬರುತ್ತದೆ. ಅಂಗಡಿಯಲ್ಲಿ ಅಂಥ ಸೀರೆಯೊಂದನ್ನು ಮಡಿಚುತ್ತ ಕೂತಾಗ ನಮಗೆ ಹೊಳೆಯಿತು: ಈ ಹುಡುಗನಿಗೆ ನಾವು ಮುಂದೆ ಏನು ಕಲಿಸಿದರೂ ಆ ಎಳೆ ಇದ್ದೇ ಇರುತ್ತದೆ.

ಸಂವತ್ಸರಿಯ ಮರುದಿನ ಪಾರಣೆ ಮುಗಿಸಿ, ಮೊಮ್ಮಗನನ್ನು ಕರೆದುಕೊಂಡು ಬಸ್ಸು ಹತ್ತಿದೆವು. ಮಕ್ತಲದಲ್ಲಿ ಇಳಿದು ಬಸ್ಸು ಬದಲಿಸುವಾಗ ಆ ಬೇವಿನ ಮರದ ಕಡೆ ನಾವು ನೋಡಲಿಲ್ಲ, ಅವನು ನೋಡಿದ. ಜೂರಾಲಾ ಅಣೆಕಟ್ಟೆಯ ಗೇಟುಗಳು ತೆರೆದಿದ್ದವು, ಕೃಷ್ಣೆ ನೊರೆಯಾಗಿ ಹರಿಯುತ್ತಿದ್ದಳು. ಗದ್ವಾಲವೇನು ನಮಗೆ ಪರಸ್ಥಳವಲ್ಲ. 1956ರವರೆಗೆ ಅದು ರಾಯಚೂರು ಜಿಲ್ಲೆಯ ತಾಲೂಕು. ಆಮೇಲೆ ಮಹಬೂಬನಗರಕ್ಕೆ ಸೇರಿತು, 2016ರಲ್ಲಿ ತಾನೇ ಜಿಲ್ಲೆಯಾಯಿತು. ನಮ್ಮ ನಾರಾಯಣಪೇಟೆ 2019ರಲ್ಲಿ. ಸರ್ಕಾರ ಗೆರೆ ಬದಲಿಸಿದರೂ ಗದ್ದುಗೆಗಳು ಅಲ್ಲಲ್ಲೇ ಇವೆ.

ಬೌಲರ್ ಹುಡುಗ ತಂದೆಯ ಸೀರೆ ಅಂಗಡಿಯಲ್ಲೇ ಇದ್ದ. ಕಷ್ಟವೆಂದರೆ ಗಿರಾಕಿಗಳೂ ಇದ್ದರು, ಒಂದು ಮದುವೆಯ ಮನೆಯವರು. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡಿಸಿ ನೇಯ್ದ ಗದ್ವಾಲ ಸೀರೆಗಳನ್ನು ಒಂದರ ಮೇಲೊಂದು ಬಿಚ್ಚಿಸುತ್ತಿದ್ದರು. ಅವರು ಹೋಗಲಿ, ಆಮೇಲೆ ಹೇಳೋಣವೆಂದು ಕೂತೆವು. ಚಹಾ ಬಂತು. ಮೂವತ್ತು ಸೀರೆ ಬಿಚ್ಚಿದರು. ಮೊಮ್ಮಗ ಮೊಣಕೈಯಿಂದ ತಿವಿದ. ನಲವತ್ತಾದವು. ಮತ್ತೆ ತಿವಿದ. ಇನ್ನು ತಡೆಯಲಾರದೆ ಎದ್ದು ನಿಂತು, ಎಲ್ಲರೆದುರು ಕೈ ಜೋಡಿಸಿ, ‘ಅಪ್ಪಾ, ಮಕ್ತಲದಲ್ಲಿ ನಮ್ಮ ಹುಡುಗ ಔಟಾಗಿದ್ದ. ನಾವು ನೋಡಿಯೂ ಕೊಡಲಿಲ್ಲ. ಮಿಚ್ಛಾಮಿ ದುಕ್ಕಡಂ’ ಎಂದೆವು. ಮೊಮ್ಮಗನೂ ಪಕ್ಕದಲ್ಲಿ ನಿಂತು ಕೈ ಜೋಡಿಸಿದ. ಮದುವೆ ಮನೆಯ ಹೆಣ್ಣುಮಕ್ಕಳು ಸೀರೆ ಬಿಟ್ಟು ನಮ್ಮನ್ನು ನೋಡತೊಡಗಿದರು.

ಹುಡುಗ ಗದ್ದುಗೆಯಿಂದ ಜಿಗಿದು ಬಂದು ನಮ್ಮ ಕೈ ಹಿಡಿದುಕೊಂಡ. ಮುಖ ಕೆಂಪಾಗಿತ್ತು. ‘ಮುತ್ಯಾ, ಅದು ನೋ ಬಾಲ್ ಇತ್ರಿ. ನನ್ನ ಕಾಲು ಗೆರಿ ದಾಟಿತ್ತು. ನೀವು ನೋಡ್ಲಿಲ್ಲಂತ ನಾನೂ ಸುಮ್ಮನಾದೆ. ನನ್ನದೂ ಮಿಚ್ಛಾಮಿ ದುಕ್ಕಡಂ ರಿ’ ಎಂದ.

ಅಂಪೈರನಾದವನು ಮೊದಲು ಬೌಲರನ ಕಾಲು ನೋಡಿ, ಆಮೇಲೆ ತಲೆ ಎತ್ತಿ ಬ್ಯಾಟು ನೋಡಬೇಕು. ನಾವು ಮೊದಲಿನಿಂದ ಕೊನೆಯವರೆಗೆ ಮೊಮ್ಮಗನನ್ನಷ್ಟೇ ನೋಡುತ್ತ ನಿಂತಿದ್ದೆವೆಂದು ಆಗ ತಿಳಿಯಿತು. ಹುಡುಗನ ತಂದೆ ನಕ್ಕು ಇನ್ನೊಂದು ಚಹಾ ತರಿಸಿದರು. ಊಟ ಮಾಡದೆ ಬಿಡಲಿಲ್ಲ. ಮುಂದಿನ ಚೈತ್ರಕ್ಕೆ ಅಂಪೈರ್ ಮಕ್ತಲದವರೇ ಆಗಬೇಕೆಂದು ಎರಡೂ ಊರಿನವರು ಒಪ್ಪಿಕೊಂಡೆವು. ಮಕ್ತಲದವರನ್ನು ಇನ್ನೂ ಕೇಳಿಲ್ಲ.

ಮರಳುವ ಬಸ್ಸಿನಲ್ಲಿ ಮೊಮ್ಮಗ ಬಹಳ ಹೊತ್ತು ಸುಮ್ಮನೆ ಕೂತಿದ್ದ. ಅಣೆಕಟ್ಟೆ ದಾಟುವಾಗ ಬೆರಳು ಮಡಿಚಿ ಏನೋ ಎಣಿಸಿ, ‘ಮುತ್ಯಾ’ ಎಂದ, ‘ಅದು ನೋ ಬಾಲ್ ಆದರ, ಗದ್ವಾಲದವರ ಕಡೆ ನಮ್ಮದೊಂದು ರನ್ ಬಾಕಿ ಐತಲ್ಲ?’