ಸಮುದ್ರ ಸೇರುವ ನೀರು ಪೋಲಲ್ಲ

ಉತ್ತರ ಕನ್ನಡದ ಹೊಳೆಗಳನ್ನು ಬಯಲುಸೀಮೆಗೆ ತಿರುಗಿಸುವ ಮಾತು ಮತ್ತೆ ಜೋರಾಗಿದೆ. ಹಳೆಯ ಬೇಡ್ತಿ–ವರದಾ ಜೋಡಣೆಯ ಜೊತೆಗೆ ಅಘನಾಶಿನಿ–ವೇದಾವತಿ ಜೋಡಣೆಯ ಪ್ರಸ್ತಾಪವೂ ಸೇರಿಕೊಂಡಿದೆ. ಪ್ರತಿ ಸಲ ಮುಂದಿಡುವ ವಾದ ಒಂದೇ: 'ಸುಮ್ಮನೆ ಸಮುದ್ರಕ್ಕೆ ಹರಿದು ಪೋಲಾಗುವ ನೀರು.' ನಾನು ಹಾವೇರಿ ಜಿಲ್ಲೆಯವನು, ಅಂದರೆ ಇಂಥ ಯೋಜನೆಗಳಿಂದ ಲಾಭವಾಗುತ್ತದೆ ಎನ್ನಲಾಗುವ ಸೀಮೆಯವನು. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕೊಡ ಹಿಡಿದು ಕಾಯುವುದು ನಮ್ಮೂರಿಗೆ ಹೊಸದಲ್ಲ. ಆದರೂ ಅಘನಾಶಿನಿಯನ್ನು ಅದರ ಪಾಡಿಗೆ ಹರಿಯಲು ಬಿಡಬೇಕು ಎಂಬುದೇ ನನ್ನ ಅಭಿಪ್ರಾಯ.

ಶಿರಸಿಯ ಮಗ್ಗುಲಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಅರಬ್ಬಿ ಸಮುದ್ರ ಸೇರುವ ಈ ಹೊಳೆಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಪಶ್ಚಿಮ ಘಟ್ಟದಲ್ಲಿ ಹೀಗೆ ಉಳಿದಿರುವ ನದಿಗಳು ಬೆರಳೆಣಿಕೆಯಷ್ಟು. ಇದರ ದಂಡೆಯ ಕಾಡಿನಿಂದಲೇ ಉಪ್ಪಿನಕಾಯಿಯ ಅಪ್ಪೆಮಿಡಿ ಬರುತ್ತದೆ. ಸಿಂಗಳೀಕಗಳ ನೆಲೆಯೆಂದು ಈ ಕಣಿವೆಯ ಕಾಡನ್ನು ಸರ್ಕಾರವೇ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಗಿ ಘೋಷಿಸಿದೆ.

ಹೊಳೆಯ ನಿಜವಾದ ಸಂಪತ್ತು ಕಾಣುವುದು ಅದು ಸಮುದ್ರ ಸೇರುವ ಜಾಗದಲ್ಲಿ. ಮಳೆಗಾಲದ ಪ್ರವಾಹ ಮೆಕ್ಕಲುಮಣ್ಣನ್ನೂ ಕೊಳೆತ ತರಗೆಲೆಯನ್ನೂ ಹೊತ್ತು ತಂದು ಅಳಿವೆಯಲ್ಲಿ ಹರಡುತ್ತದೆ. ಗಜನಿ ಗದ್ದೆಗಳ ಉಪ್ಪು ತೊಳೆದುಹೋಗಿ, ಜವುಳು ನೆಲದಲ್ಲೂ ಬೆಳೆಯುವ ಕಗ್ಗ ಭತ್ತ ತಲೆಯೆತ್ತುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟರೆ ಮೀನು, ಸೀಗಡಿ ಬೆಳೆಯುತ್ತವೆ. ಇಳಿತದ ಹೊತ್ತಿನಲ್ಲಿ ಹೆಂಗಸರು, ಗಂಡಸರು ಹೊಳೆಗಿಳಿದು ಬಳಚು ಆರಿಸುತ್ತಾರೆ. 4,801 ಹೆಕ್ಟೇರಿನ ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದಾಗ ಸರ್ಕಾರ ಕೊಟ್ಟ ವಿವರದಲ್ಲೇ, ಇದು 6,000ದಿಂದ 7,500 ಕುಟುಂಬಗಳ ಜೀವನಾಧಾರ ಎಂದಿದೆ. ಇಷ್ಟೆಲ್ಲ ದುಡಿದ ನೀರನ್ನು 'ಪೋಲು' ಎನ್ನುವ ಲೆಕ್ಕದ ಪುಸ್ತಕದಲ್ಲೇ ಏನೋ ಕೊರತೆಯಿದೆ.

ಸಾಫ್ಟ್‌ವೇರ್ ಕೆಲಸದಲ್ಲಿ ನಾವು ಎ/ಬಿ ಟೆಸ್ಟ್ ಮಾಡುತ್ತೇವೆ. ಎರಡು ಮಾದರಿಗಳನ್ನು ಪಕ್ಕಪಕ್ಕದಲ್ಲಿ ಓಡಿಸಿ, ಒಂದರಲ್ಲಿ ಬದಲಾವಣೆ ಮಾಡಿ ಫಲಿತಾಂಶ ನೋಡುವುದು. ಅಂಥದೊಂದು ಪರೀಕ್ಷೆ ಉತ್ತರ ಕನ್ನಡದಲ್ಲಿ ಅರ್ಧ ಶತಮಾನದಿಂದ ನಡೆದಿದೆ. ಪಕ್ಕದ ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಇಳಿದು ಅಳಿವೆಯ ಉಪ್ಪಿನಂಶ ಕುಸಿಯಿತು. ಬಳಚು, ಮೀನು ಎರಡರ ವೈವಿಧ್ಯದಲ್ಲೂ ಅದು ಅಘನಾಶಿನಿಗಿಂತ ಹಿಂದುಳಿದಿದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಅಧ್ಯಯನ ಮಾಡಿ ಹೇಳಿದ್ದಾರೆ. ಶರಾವತಿ ನಾಡಿಗೆ ಬೆಳಕು ಕೊಟ್ಟಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಬೆಳಕಿನ ಬೆಲೆಯನ್ನು ಅಳಿವೆಯ ಜನ ತೆತ್ತರು. ಅಳಿವೆಗೆ ಬೇಕಾದದ್ದು ಇಷ್ಟು ಟಿಎಂಸಿ ಎಂಬ ಮೊತ್ತವಷ್ಟೇ ಅಲ್ಲ, ಯಾವ ತಿಂಗಳಲ್ಲಿ ಎಷ್ಟು ಎಂಬ ಲಯವೂ ಹೌದು. ತಿರುಗಿಸಿದರೂ ಕಟ್ಟಿದರೂ ಕೆಡುವುದು ಅದೇ ಲಯ.

ಹಾಗಾದರೆ ಹಾವೇರಿಯವರು, ಚಿತ್ರದುರ್ಗದವರು ಬಾಯಾರಿಕೊಂಡೇ ಇರಬೇಕೇ? ಈ ಪ್ರಶ್ನೆಯನ್ನು ನನ್ನ ಸೋದರಮಾವನೇ ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟು. ವರದಾ ಹುಟ್ಟುವುದೂ ಸಾಗರ ಸೀಮೆಯ ಮಲೆನಾಡಿನಲ್ಲೇ. ಘಟ್ಟದ ಹೊಳೆಗಳು ತುಂಬಿ ಹರಿಯುವ ತಿಂಗಳಲ್ಲಿ ವರದೆಯೂ ದಂಡೆ ಮೀರಿ ನಮ್ಮ ಗೋವಿನಜೋಳದ ಹೊಲಗಳಿಗೆ ನುಗ್ಗುತ್ತಾಳೆ. ನಮಗೆ ನೀರು ಬೇಕಾದ ಏಪ್ರಿಲ್‌ನಲ್ಲಿ ಆ ಹೊಳೆಗಳೂ ಸಣಕಲಾಗಿರುತ್ತವೆ. ನಡುವೆ ದೊಡ್ಡ ಜಲಾಶಯ ಕಟ್ಟಿ ಕಾಡು ಮುಳುಗಿಸದ ಹೊರತು ಈ ಲೆಕ್ಕ ಕೂಡುವುದಿಲ್ಲ.

ಎತ್ತಿನಹೊಳೆಯ ಅನುಭವ ಕಣ್ಣೆದುರಿಗಿದೆ. 8,323 ಕೋಟಿ ರೂಪಾಯಿಯ ಅಂದಾಜು 23,251 ಕೋಟಿಗೆ ಏರಿತು. 24 ಟಿಎಂಸಿ ಸಿಗುತ್ತದೆ ಎಂಬ ಲೆಕ್ಕವನ್ನೇ ತಜ್ಞರು ಪ್ರಶ್ನಿಸಿದ್ದಾರೆ. ಅಷ್ಟು ಹಣದಲ್ಲಿ ಒಂದು ಪಾಲನ್ನು ಹೂಳು ತುಂಬಿದ ನಮ್ಮ ಕೆರೆಗಳಿಗೆ, ಒತ್ತುವರಿಯಾದ ರಾಜಕಾಲುವೆಗಳಿಗೆ, ಪಟ್ಟಣಗಳ ಕೊಳಚೆ ಸಂಸ್ಕರಣೆಗೆ ಹಾಕಿದರೆ ನಮ್ಮ ಮಳೆ ನಮ್ಮಲ್ಲೇ ನಿಲ್ಲುತ್ತದೆ. ಉದ್ಘಾಟನೆಯ ಫೋಟೊ ಮಾತ್ರ ಅಷ್ಟು ಚೆನ್ನಾಗಿ ಬರಲಿಕ್ಕಿಲ್ಲ.

ಕಟ್ಟಿಹಾಕಿದ ನದಿ ಹೇಗಿರುತ್ತದೆ ಎಂದು ತಿಳಿಯಲು ಪುಣೆಯಲ್ಲಿರುವ ನಾವು ದೂರ ಹೋಗಬೇಕಿಲ್ಲ. ಮುಠಾ ನದಿಯ ಮೇಲ್ದಂಡೆಯಲ್ಲಿ ಖಡಕ್‌ವಾಸಲಾ, ಪಾನಶೇತ್, ವರಸಗಾಂವ್, ಟೇಮಘರ್ ಅಣೆಕಟ್ಟುಗಳಿವೆ. ಈ ಊರು ಕುಡಿಯುವುದು ಆ ನೀರನ್ನೇ, ನಾವೂ ಅದರ ಋಣದಲ್ಲಿದ್ದೇವೆ. ಆದರೆ ಬೇಸಿಗೆಯಲ್ಲಿ ಊರೊಳಗೆ ಹರಿಯುವುದು ಬಹುಪಾಲು ಕೊಳಚೆ. ಅದು ಮುಳಾ–ಮುಠೆಯಾಗಿ ಭೀಮೆಯನ್ನು ಸೇರಿ, ಉಜನಿ ಜಲಾಶಯ ದಾಟಿ, ವಿಜಯಪುರ–ಕಲಬುರಗಿಯ ಕಡೆ ಬರುತ್ತದೆ. ನಮ್ಮ ಫ್ಲ್ಯಾಟಿನ ಬಚ್ಚಲಿನ ನೀರು ತವರಿನವರ ಹೊಳೆಗೇ ಹೋಗುತ್ತದೆ ಎಂಬುದು ಹೊರನಾಡ ಕನ್ನಡಿಗರು ನೆನಪಿಡಬೇಕಾದ ಸಂಗತಿ.

ಜಗತ್ತಿನಲ್ಲಿ ಸಾವಿರ ಕಿಲೋಮೀಟರ್‌ಗಿಂತ ಉದ್ದದ ನದಿಗಳಲ್ಲಿ ಪೂರ್ತಿ ಮುಕ್ತವಾಗಿ ಹರಿಯುವವು ಶೇ 37 ಮಾತ್ರ ಎಂದು 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿತು. ಅಮೆರಿಕ 1968ರಲ್ಲೇ ಆಯ್ದ ನದಿಗಳನ್ನು ಮುಕ್ತವಾಗಿ ಉಳಿಸಲು ಕಾಯ್ದೆ ಮಾಡಿತು. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಅಳಿವೆಗೆ ರಾಮ್ಸಾರ್ ಫಲಕ, ಕಾಡಿಗೆ ಮೀಸಲು ಪಟ್ಟ ಕೊಟ್ಟು, ಎರಡನ್ನೂ ಬದುಕಿಸುವ ಹರಿವಿಗೆ ಯಾವ ರಕ್ಷಣೆಯನ್ನೂ ಕೊಡದಿರುವುದು ಅರ್ಧ ಕೆಲಸ. ಹುಟ್ಟಿನಿಂದ ಸಮುದ್ರದವರೆಗೆ ಅಘನಾಶಿನಿ ಮುಕ್ತ ನದಿ ಎಂದು ರಾಜ್ಯ ಸರ್ಕಾರ ಕಾನೂನಿನ ಮೂಲಕವೇ ಘೋಷಿಸಬೇಕು.

ಇದು ಮಲೆನಾಡಿನವರೊಬ್ಬರ ಕೂಗಲ್ಲ. ಜನರ ವಿರೋಧದಿಂದ ಹಿಂದೆ ಬೇಡ್ತಿ ಜಲವಿದ್ಯುತ್ ಯೋಜನೆ ನಿಂತದ್ದುಂಟು. ಈ ಸಲ ಬಯಲುಸೀಮೆಯ ದನಿಯೂ ಸೇರಿದರೆ 'ಅವರಿಗೆ ಕಾಡು, ನಮಗೆ ನೀರು' ಎಂದು ಜಿಲ್ಲೆ ಜಿಲ್ಲೆಗಳ ನಡುವೆ ಜಗಳ ಹಚ್ಚುವುದು ಸುಲಭವಾಗದು. ಊರಿಗೆ ಫೋನ್ ಮಾಡಿದಾಗ ಮಳೆ ಹೇಗಿದೆ ಎಂದು ಕೇಳುವ ನಾವು, ನಮ್ಮೂರಿನ ಕೆರೆ ಹೇಗಿದೆ ಎಂದೂ ಕೇಳೋಣ. ಶಾಸಕರು ಮತ ಕೇಳಲು ಬಂದಾಗ ಅದೇ ಪ್ರಶ್ನೆಯನ್ನು ಅವರ ಮುಂದಿಡುವಂತೆ ಮನೆಯವರಿಗೆ ಹೇಳೋಣ.