ಬಾಗಿಲಿಗೆ ಬೀಗ, ಗೋಡೆಗೆ ಕನ್ನ

ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿಟ್ಟರೆ ಅದರೊಳಗಿನ ಕಡತಗಳು ಭದ್ರ ಎಂಬುದು ಬಹು ಜನರ ನಂಬಿಕೆ. ಈ ನಂಬಿಕೆ ಎಷ್ಟು ಸರಿ? ಪಾಸ್‌ವರ್ಡ್ ಹುಟ್ಟಿದ ಕಾಲದ ಒಂದು ಪ್ರಸಂಗದಲ್ಲೇ ಉತ್ತರವಿದೆ.

1960ರ ದಶಕದ ಆರಂಭ. ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಸಂಗಡಿಗರು ರೂಪಿಸಿದ್ದರು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗದಿರಲೆಂದು ಪ್ರತಿಯೊಬ್ಬರಿಗೂ ಒಂದು ಪಾಸ್‌ವರ್ಡ್. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ಯಂತ್ರ ಬಳಸಲು ಸಿಗುತ್ತಿದ್ದುದು ವಾರಕ್ಕೆ 4 ಗಂಟೆ ಮಾತ್ರ. ಅದು ಸಾಲದೆ, 1962ರಲ್ಲಿ ಆತ ರಂಧ್ರ ಕೊರೆದ ಕಾರ್ಡಿನ ಮೂಲಕ ಪಾಸ್‌ವರ್ಡುಗಳ ಕಡತವನ್ನೇ ಮುದ್ರಿಸಿಕೊಡುವಂತೆ ಕೋರಿಕೆ ಸಲ್ಲಿಸಿದ. ಯಂತ್ರ ಅಚ್ಚುಹಾಕಿ ಕೊಟ್ಟಿತು! ಆತ ಬೀಗ ಮುರಿಯಲಿಲ್ಲ. ಬೀಗವಿಲ್ಲದ ದಾರಿಯಲ್ಲಿ ಹೋದ, ಅಷ್ಟೆ.

ಇಂದಿನ ಕಂಪ್ಯೂಟರಿಗೂ ಅಂಥ ದಾರಿಯುಂಟು. ಆರಂಭದಲ್ಲಿ ನೀಡುವ ಪಾಸ್‌ವರ್ಡ್ ಬಾಗಿಲಿನ ಬೀಗವಿದ್ದಂತೆ. ಕಳ್ಳ ಹಾರ್ಡ್ ಡಿಸ್ಕನ್ನು ಬಿಚ್ಚಿ ತನ್ನ ಕಂಪ್ಯೂಟರಿಗೆ ಜೋಡಿಸಿದನೆನ್ನಿ. ಅಲ್ಲಿ ಅವನನ್ನು ತಡೆಯಲು ನಿಮ್ಮ ಬೀಗವಿಲ್ಲ. ಬ್ಯಾಂಕಿನ ಲೆಕ್ಕ, ಮಗಳ ಮದುವೆಯ ಫೋಟೊ, ಆಸ್ತಿಪತ್ರದ ಪ್ರತಿ ಎಲ್ಲವೂ ತೆರೆದ ಪುಸ್ತಕ.

ಇದಕ್ಕೆ ಪರಿಹಾರ ಗೂಢಲಿಪಿ. ಕಡತವನ್ನು ಬಚ್ಚಿಡುವ ಬದಲು, ಕೀಲಿಯಿಲ್ಲದವರಿಗೆ ಅರ್ಥವಾಗದಂತೆ ಬರೆದಿಡುವುದು. ಬೆಲ್ಜಿಯಂನ ಯೋನ್ ಡಾಮೆನ್ ಮತ್ತು ವಿನ್ಸೆಂಟ್ ರೈಮೆನ್ ರೂಪಿಸಿದ ವಿಧಾನವನ್ನು ಅಮೆರಿಕ 2001ರಲ್ಲಿ ‘ಎಇಎಸ್’ ಎಂಬ ಹೆಸರಿನಲ್ಲಿ ಮಾನಕವಾಗಿ ಅಂಗೀಕರಿಸಿತು. ಇದರ ಅತಿ ಚಿಕ್ಕ ಕೀಲಿಯೇ 128 ಬಿಟ್‌ಗಳದು. ಸೆಕೆಂಡಿಗೆ ಒಂದು ಲಕ್ಷ ಕೋಟಿ ಕೀಲಿಗಳನ್ನು ಪರೀಕ್ಷಿಸುತ್ತ ಹೋದರೂ, ಎಲ್ಲವನ್ನೂ ಮುಗಿಸಲು ವಿಶ್ವದ ಈವರೆಗಿನ ವಯಸ್ಸು, ಅಂದರೆ ಸುಮಾರು 1,380 ಕೋಟಿ ವರ್ಷ, ಏನೇನೂ ಸಾಲದು.

ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಆ್ಯಪಲ್ ಕಂಪ್ಯೂಟರುಗಳಲ್ಲಿ ಫೈಲ್‌ವಾಲ್ಟ್ ಈ ಕೆಲಸ ಮಾಡುತ್ತವೆ. ಕೆಲವು ಯಂತ್ರಗಳಲ್ಲಿ ಈ ಸೌಲಭ್ಯ ತಾನಾಗಿಯೇ ಚಾಲನೆಯಲ್ಲಿರುತ್ತದೆ. ಕೆಲವುಗಳಲ್ಲಿ ನಾವೇ ಚಾಲೂ ಮಾಡಬೇಕು. ನಿಮ್ಮದು ಯಾವ ಬಗೆಯದೆಂದು ಇಂದೇ ನೋಡಿಕೊಳ್ಳುವುದು ಒಳಿತು.

ಆದರೆ ಗೂಢಲಿಪಿಯೂ ಮಂತ್ರದಂಡವಲ್ಲ. ಕೀಲಿಯನ್ನು ಕಾಯುವ ಪಾಸ್‌ವರ್ಡ್ ದುರ್ಬಲವಾಗಿದ್ದರೆ ಎಲ್ಲವೂ ವ್ಯರ್ಥ. ನಾಲ್ಕು ಅಂಕಿಗಳಿಂದ ಆಗುವ ಸಂಖ್ಯೆಗಳು 10,000 ಮಾತ್ರ. ಇಂಗ್ಲಿಷಿನ 8 ಸಣ್ಣ ಅಕ್ಷರಗಳಿಂದ ಸುಮಾರು 20,882 ಕೋಟಿ ಜೋಡಣೆಗಳು ಸಾಧ್ಯ. 12 ಅಕ್ಷರಗಳಾದರೆ ಅದರ 4,56,976 ಪಟ್ಟು! ಆದ್ದರಿಂದ ವಿಚಿತ್ರ ಚಿಹ್ನೆಗಳಿಗಿಂತ ಉದ್ದವೇ ಮೇಲು. ಮಗನ ಹೆಸರು, ಹುಟ್ಟಿದ ದಿನಾಂಕ ಬೇಡ. ಅವು ನೆರೆಮನೆಯವರಿಗೂ ಗೊತ್ತು.

ತೆರೆದಿಟ್ಟ ಕಂಪ್ಯೂಟರನ್ನು ಬಿಟ್ಟು ಎದ್ದು ಹೋದರೆ ಯಾವ ಗೂಢಲಿಪಿಯೂ ಕಾಯದು. ದುರಸ್ತಿಗೆ ಕೊಡುವಾಗ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿದರೂ ಅಷ್ಟೆ. ಪೆನ್‌ಡ್ರೈವ್‌ಗೆ ನಕಲು ಮಾಡಿದ ಕಡತಕ್ಕೆ ಬೇರೆಯೇ ರಕ್ಷಣೆ ಬೇಕು.

ಇನ್ನೊಂದು ಎಚ್ಚರಿಕೆ. ಗೂಢಲಿಪಿಗೆ ಕಳ್ಳ ಯಾರು, ಮಾಲೀಕ ಯಾರು ಎಂಬುದು ತಿಳಿಯದು. ಕೀಲಿ ಕಳೆದರೆ ನಿಮಗೂ ಬಾಗಿಲು ಶಾಶ್ವತವಾಗಿ ಬಂದ್. ಬಿಟ್‌ಲಾಕರ್ ಇದಕ್ಕೆಂದೇ 48 ಅಂಕಿಗಳ ಮರುಪ್ರಾಪ್ತಿ ಕೀಲಿ ಕೊಡುತ್ತದೆ. ಅದನ್ನು ಕಾಗದದಲ್ಲಿ ಬರೆದು, ಆಸ್ತಿಪತ್ರದ ಜೊತೆ ಬೀರುವಿನಲ್ಲಿಡಿ. ಮುಖ್ಯ ಕಡತಗಳ ಇನ್ನೊಂದು ಪ್ರತಿಯೂ ಬೇರೆಡೆ ಇರಲಿ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ. ಈ ಕೋಟೆಗಂತೂ ಬಾಗಿಲಷ್ಟೇ ಅಲ್ಲ, ಗೋಡೆಯೂ ಗಟ್ಟಿಯಾಗಿರಬೇಕು.