ಉಡುಗೊರೆಯ ಕಾರು, ಭಾವನ ಕೊರಳಿಗೆ ಉರುಳು!



"ಕಾರಿನ ಮಾತು ನಮಗೇಕೆ? ನಾವು ಬಸ್ಸಿನಲ್ಲಿ ನೇತಾಡುವ ಜನ" ಎಂದು ಪುಟ ಮಗುಚಬೇಡಿರಿ. ಕಾಲ ಬದಲಾಗಿದೆ. ಊರಿನಲ್ಲಿ ಅಣ್ಣನೋ ಭಾವನೋ ಹೊಸ ಕಾರು ಕೊಳ್ಳುತ್ತಾರೆ. ಹಳೆಯದನ್ನು ವ್ಯಾಪಾರಿ ಕೇಳಿದ ಬೆಲೆಗೆ ಕೊಡಲು ಮನಸ್ಸಾಗದೆ, "ಚೆನ್ನೈಯಲ್ಲಿ ಬೆವರು ಸುರಿಸುವ ನಮ್ಮ ಹುಡುಗನಿಗಿರಲಿ" ಎಂದು ಬೀಗದ ಕೈ ಕೊಡುತ್ತಾರೆ. ಹೀಗೆ ಉಡುಪಿ, ಕುಂದಾಪುರಗಳಿಂದ ಬಂದ ಕಾರುಗಳು ನಮ್ಮ ಹೋಟೆಲುಗಳ ಹಿಂದಿನ ಓಣಿಗಳಲ್ಲಿ ನಿಂತಿವೆ. ಸಂತೋಷ! ಆದರೆ ಆರ್.ಸಿ. ಯಾರ ಹೆಸರಿನಲ್ಲಿದೆ ಎಂದು ಕೇಳಿದರೆ ನಗುತ್ತಾರೆ. "ಮನೆಯೊಳಗಿನ ವ್ಯವಹಾರ, ಕಾಗದವೇಕೆ?" ಎನ್ನುತ್ತಾರೆ.

ಈ ಮಾತನ್ನೇ ನಾನು ಖಂಡಿಸುತ್ತೇನೆ. ನಾನು ಮೇಜು ಒರೆಸಿ ಬೆಳೆದವನು, ಮಿಡ್ಲ್ ಸ್ಕೂಲಿನಾಚೆ ಓದಿದವನಲ್ಲ. ಆದರೆ ಕಣ್ಣಾರೆ ಕಂಡದ್ದನ್ನು ಹೇಳಲು ಪಾಂಡಿತ್ಯ ಬೇಕಿಲ್ಲವಷ್ಟೆ!

ನನ್ನೊಡನೆ ದುಡಿದ ದೋಸೆ ಭಟ್ಟರೊಬ್ಬರಿಗೆ ಅಕ್ಕನ ಗಂಡ ತನ್ನ ಹಳೆಯ ಕಾರು ಕೊಟ್ಟರು. ಹೆಸರು ಬದಲಾಗಲಿಲ್ಲ. ವಿಮೆ ಮುಗಿಯುವ ಸೂಚನೆ ಊರಿಗೆ ಹೋಯಿತು. ತಮ್ಮ ಕಟ್ಟಿಯಾನು ಎಂದು ಭಾವ ಸುಮ್ಮನಾದರು; ಭಾವ ಕಟ್ಟಿರುವರು ಎಂದು ಇವರು ಸುಮ್ಮನಾದರು. ಒಂದು ಮುಂಜಾನೆ ಕೋಯಂಬೇಡಿಗೆ ತರಕಾರಿಗೆ ಹೊರಟಾಗ ಕಾರು ಸೈಕಲ್ ಸವಾರನೊಬ್ಬನಿಗೆ ತಗುಲಿ ಅವನ ಕಾಲು ಮುರಿಯಿತು. ಅವನೂ ನಮ್ಮಂತೆ ಕೂಲಿಯವನೇ. ಪರಿಹಾರದ ನೋಟೀಸು ಓಡಿಸಿದವರಿಗಷ್ಟೇ ಬಂದಿತೇ? ಇಲ್ಲ, ಊರಿನಲ್ಲಿ ಊಟಕ್ಕೆ ಕುಳಿತಿದ್ದ ಭಾವನಿಗೂ ಹೋಯಿತು! ಅಂದಿನಿಂದ ಅಕ್ಕ ತಮ್ಮಂದಿರ ನಡುವೆ ಮಾತಿಲ್ಲ. ಪ್ರೀತಿಯಿಂದ ಕೊಟ್ಟ ವಸ್ತುವೇ ಪ್ರೀತಿಯನ್ನು ತಿಂದಿತು.

ಇದು ಅನ್ಯಾಯವೆಂದು ಕೂಗಿ ಫಲವಿಲ್ಲ. ಚರ ಸೊತ್ತನ್ನು ಕೈಯಿಂದ ಕೈಗೆ ಕೊಟ್ಟರೆ ದಾನ ಪೂರ್ಣವಾಗುತ್ತದೆ ಎಂದು 1882ರ ಸ್ವತ್ತು ವರ್ಗಾವಣೆ ಕಾಯಿದೆ ಹೇಳುವುದು ನಿಜ. ಆದರೆ ಅಪಘಾತದ ಲೆಕ್ಕ ನೋಡುವುದು 1988ರ ಮೋಟಾರು ವಾಹನ ಕಾಯಿದೆ. ಅದರ ಕಣ್ಣಿಗೆ ರಿಜಿಸ್ಟರಿನಲ್ಲಿ ಹೆಸರಿರುವವನೇ ಮಾಲಿಕ. 2007ರಲ್ಲಿ ಒಬ್ಬರು ಮಾರಿದ ಕಾರು ಹಲವು ಕೈ ದಾಟಿ 2009ರಲ್ಲಿ ಅಪಘಾತ ಮಾಡಿತು. ಹೆಸರು ಮಾತ್ರ ಮೊದಲಿನವರದೇ ಉಳಿದಿತ್ತು. ಅವರೇ ಹೊಣೆಯೆಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ದುಡ್ಡಿಗೆ ಮಾರಿದವನಿಗೇ ಬಿಡುಗಡೆಯಿಲ್ಲದಿರುವಾಗ ಪುಕ್ಕಟೆ ಕೊಟ್ಟ ಭಾವನಿಗೆ ಎಲ್ಲಿಯದು?

ಆದ್ದರಿಂದ ದಾರಿ ತಿಳಿಯಿರಿ. ಕೊಡುವವರು, ಪಡೆಯುವವರು ಒಂದೇ ರಾಜ್ಯದಲ್ಲಿದ್ದರೆ 29 ಮತ್ತು 30ನೆಯ ನಮೂನೆಗಳಿಗೆ ಸಹಿ ಸಾಕು; ಕೊಟ್ಟವರು 14 ದಿನಗಳೊಳಗೆ ವರದಿ ಮಾಡಬೇಕು, ಪಡೆದವರು 30 ದಿನಗಳೊಳಗೆ. ಕಾರು ಗಡಿ ದಾಟುವುದಾದರೆ ಮೊದಲು ಊರಿನ ಆರ್.ಟಿ.ಓ.ದಲ್ಲಿ 28ನೆಯ ನಮೂನೆ ಕೊಟ್ಟು ನಿರಾಕ್ಷೇಪಣಾ ಪತ್ರ ಪಡೆಯಬೇಕು. ಆಗ ಕೊಟ್ಟವರಿಗೆ 45 ದಿನಗಳ ಅವಧಿ. ಅರ್ಜಿಗೆ ರಸೀದಿ ಕೇಳಿ ಪಡೆಯಿರಿ. 30 ದಿನಗಳಲ್ಲಿ ನಿರಾಕರಣೆ ತಿಳಿಸದಿದ್ದರೆ ಪತ್ರ ಕೊಟ್ಟಂತೆಯೇ ಎಂದು 48ನೆಯ ಕಲಮು ಹೇಳುತ್ತದೆ. ದಲ್ಲಾಳಿ ಈ ಮಾತನ್ನು ನಿಮಗೆ ಎಂದೂ ಹೇಳಲಾರ! ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಕಾರು ಇಟ್ಟುಕೊಂಡರೆ ಅಲ್ಲಿನ ಹೊಸ ನಂಬರು ಪಡೆಯಲೇಬೇಕು. ಮೂರನೆಯವರ ವಿಮೆ ಚಾಲ್ತಿಯಲ್ಲಿದ್ದರೆ ಕಾರಿನೊಡನೆ ಬರುತ್ತದೆ. ಆದರೂ 14 ದಿನಗಳಲ್ಲಿ ವಿಮಾ ಕಂಪನಿಗೆ ಬರೆದು ನಿಮ್ಮ ಹೆಸರು ಹಾಕಿಸಿರಿ. ನಿಮ್ಮ ಕಾರಿಗಾದ ನಷ್ಟದ ವಿಮೆ ತಾನಾಗಿ ಬರುವುದಿಲ್ಲ.

ತಡ ಮಾಡಬೇಡಿರಿ. ಕೊಟ್ಟವರು ಸಹಿ ಹಾಕುವ ಮುನ್ನ ಕಣ್ಣು ಮುಚ್ಚಿದರೆ ಬಾಯಿಮಾತಿನ ಉಡುಗೊರೆಗೆ ಸಾಕ್ಷಿ ಯಾರು? ಆಗ 31ನೆಯ ನಮೂನೆ, ವಾರಸುದಾರರ ಒಪ್ಪಿಗೆ, ಅದರ ಹಿಂದೆ ಮನೆಜಗಳ.

"ಇಷ್ಟು ಸುಲಭವಾದರೆ ಜನರೇಕೆ ಮಾಡುವುದಿಲ್ಲ?" ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಕಟ್ಟಿದ ಕಾರಿಗೆ ತಮಿಳುನಾಡಿನಲ್ಲಿ ಅದರ ವಯಸ್ಸು ನೋಡಿ ಮತ್ತೆ ತೆರಿಗೆ. ಅಲ್ಲಿ ಉಳಿದ ಪಾಲು ಅರ್ಜಿ ಹಾಕಿದರೆ ವಾಪಸು ಬರುತ್ತದೆ. ಆದರೆ ಇಲ್ಲಿ ಮೊದಲು ಕೈಯಿಂದ ಎಣಿಸಬೇಕು. ಸಂಬಳದ ದಿನ ಎಣಿಸುವವನು ಎಲ್ಲಿಂದ ತರಬೇಕು? 2021ರಲ್ಲಿ ಕೇಂದ್ರ ಸರಕಾರವು ರಾಜ್ಯ ದಾಟಿದರೂ ನಂಬರು ಬದಲಿಸಬೇಕಿಲ್ಲದ ಬಿ.ಎಚ್. ಸರಣಿ ತಂದಿತು. ಯಾರಿಗೆ? ಸೈನಿಕರಿಗೆ, ಸರಕಾರಿ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಕಂಪನಿಗಳ ನೌಕರರಿಗೆ. ಸೈನಿಕರಿಗೆ ಸಿಕ್ಕಿದ್ದು ಸರಿಯೇ. ಆದರೆ ಹೊಟ್ಟೆಪಾಡಿಗಾಗಿ ಗಡಿ ದಾಟಿದ ಹೋಟೆಲು ಮಾಣಿ ಏನು ಪಾಪ ಮಾಡಿದ? ಅವನ ಮಾಲಿಕನಿಗೆ ಒಂದೇ ಹೋಟೆಲು ಎಂಬುದು ಅವನ ತಪ್ಪೇ? ಎರಡು ವರ್ಷಕ್ಕೊಮ್ಮೆ ತೆರಿಗೆ ಕಟ್ಟುವ ಆ ಅನುಕೂಲ ವಲಸೆ ಕಾರ್ಮಿಕನಿಗೂ ಸಿಗಬೇಕು. ಎರಡು ರಾಜ್ಯಗಳು ತಮ್ಮೊಳಗೆ ಲೆಕ್ಕ ಮಾಡಿಕೊಳ್ಳಲಿ. ಬಡವನ ಕಿಸೆಯನ್ನು ನಡುವೆ ಎಳೆಯದಿರಲಿ. ಇದು ನಮ್ಮ ಬೇಡಿಕೆ.

ಆದರೆ ಬೇಡಿಕೆ ಈಡೇರುವ ತನಕ ಹೆಸರು ಬದಲಿಸದೆ ಓಡಿಸುತ್ತೇನೆ ಎನ್ನಬೇಡಿರಿ. ತೆರಿಗೆ ಕಟ್ಟುವ ಶಕ್ತಿಯಿಲ್ಲದಿದ್ದರೆ ಬೀಗದ ಕೈಯನ್ನು ಕೈಮುಗಿದು ಹಿಂದಕ್ಕೆ ಕೊಡಿರಿ. ಅದರಲ್ಲಿ ಅವಮಾನವಿಲ್ಲ. 1918ರಲ್ಲಿ ಪೆರಂಬೂರಿನ ಗಿರಣಿ ಕೆಲಸಗಾರರು ಮದರಾಸು ಕಾರ್ಮಿಕ ಸಂಘ ಕಟ್ಟಿದಂದಿನಿಂದ ನಾವು ಕಲಿತ ಪಾಠವೊಂದಿದೆ: ಬಾಯಿಮಾತು ಹಕ್ಕಲ್ಲ. ಮಾಲಿಕನಿಂದ ಹಾಜರಿ, ಸಂಬಳ ಎಲ್ಲವನ್ನೂ ಬರಹದಲ್ಲಿ ಕೇಳುವ ನಾವು ಭಾವನ ಮುಂದೆ ಮಾತ್ರ ನಾಚುವುದೇಕೆ? ಅವರ ಹೆಸರನ್ನು ಆ ಪುಸ್ತಕದಿಂದ ಬಿಡಿಸುವುದೇ ನಾವು ಅವರಿಗೆ ಸಲ್ಲಿಸುವ ಕೃತಜ್ಞತೆ.

ಈ ರಜೆಗೆ ಊರಿಗೆ ಹೋಗುವವರು ನಮೂನೆಗಳನ್ನು ಜೊತೆಗೆ ಒಯ್ಯಿರಿ. ಹಬ್ಬದೂಟಕ್ಕೆ ಮುಂಚೆ ಸಹಿ ಹಾಕಿಸಿರಿ, ಪಾಯಸ ಆಮೇಲೆ!